ಜ್ವರ, ಚುಕ್ಕೆ, ಬಿಗಿದ ಕುತ್ತಿಗೆ: ಮೈ ನೋಡಿ ಮೆನಿಂಜೈಟಿಸ್ ಗುರುತಿಸಬಹುದೇ?

ಮಗುವಿಗೆ ಜ್ವರ. ಮೈಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಎದ್ದಿವೆ. ಮನೆಯ ಹಿರಿಯರು ‘ಅಮ್ಮ ಬಂದಿದ್ದಾಳೆ, ಬೇವಿನ ಸೊಪ್ಪು ತನ್ನಿ’ ಎನ್ನುತ್ತಾರೆ. ಪಕ್ಕದ ಮನೆಯವರು ‘ಪಿತ್ತದ ಗಂಧೆ, ತಾನಾಗಿಯೇ ಹೋಗುತ್ತೆ’ ಎನ್ನುತ್ತಾರೆ. ಅಷ್ಟರಲ್ಲಿ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಬರುತ್ತದೆ: ‘ಚುಕ್ಕೆಯ ಮೇಲೆ ಗಾಜಿನ ಲೋಟ ಒತ್ತಿ, ಗದ್ದವನ್ನು ಎದೆಗೆ ತಾಗಿಸಿ. ಎರಡೂ ಸರಿ ಇದ್ದರೆ ಮಿದುಳು ಜ್ವರ ಅಲ್ಲ.’

ಇವುಗಳಲ್ಲಿ ಯಾವುದನ್ನು ನಂಬುವುದು? ಲೋಟದ ಪರೀಕ್ಷೆ, ಗದ್ದದ ಪರೀಕ್ಷೆ ಎರಡೂ ವೈದ್ಯರು ನಿಜಕ್ಕೂ ಬಳಸುವ ವಿಧಾನಗಳೇ. ತಪ್ಪಿರುವುದು ಆ ಕೊನೆಯ ವಾಕ್ಯದಲ್ಲಿ. ಮೈಮೇಲಿನ ಲಕ್ಷಣ ಕಂಡರೆ ಅದಕ್ಕೆ ಬೆಲೆಯಿದೆ. ಕಾಣದಿದ್ದರೆ ಕಾಯಿಲೆ ಇಲ್ಲ ಎಂದು ಅರ್ಥವಲ್ಲ. ಇದು ಯಾಕೆ ಹೀಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಮತ್ತು ಅದರ ಸುತ್ತಲಿನ ಹುಣಸೂರು, ಎಚ್.ಡಿ. ಕೋಟೆ ಸೀಮೆಯನ್ನು. ಇಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಎರಡು ವಸತಿಗಳಿವೆ. ಸೆರಾ, ನಾಮ್‌ಡ್ರೋಲಿಂಗ್‌ನಂಥ ದೊಡ್ಡ ಮಠಗಳಲ್ಲಿ ಸಾವಿರಾರು ಕಿರಿಯ ಭಿಕ್ಷುಗಳು ಒಟ್ಟಿಗೆ ಉಣ್ಣುತ್ತಾರೆ, ಒಟ್ಟಿಗೆ ಮಲಗುತ್ತಾರೆ. ಸುತ್ತ ಹೊಗೆಸೊಪ್ಪು, ಮುಸುಕಿನ ಜೋಳದ ಹೊಲಗಳು. ತುಸು ದೂರದಲ್ಲೇ ನಾಗರಹೊಳೆಯ ಕಾಡು. ಹಾಸ್ಟೆಲು, ಹೊಲ, ಕಾಡು ಮೂರೂ ಒಂದೆಡೆ ಸೇರುವ ಇಂಥ ಕಡೆ ‘ಜ್ವರ ಮತ್ತು ತಲೆನೋವು’ ಎಂಬ ಒಂದೇ ದೂರಿನ ಹಿಂದೆ ನಾಲ್ಕೈದು ಬೇರೆಬೇರೆ ಕಾಯಿಲೆಗಳಿರಬಹುದು. ಅವುಗಳ ಔಷಧವೂ ಬೇರೆಬೇರೆ.

ಮೆನಿಂಜೈಟಿಸ್ ಎಂದರೇನು? ಚರ್ಮಕ್ಕೂ ಅದಕ್ಕೂ ಏನು ಸಂಬಂಧ?

ಮಿದುಳು ಮತ್ತು ಬೆನ್ನುಹುರಿಯನ್ನು ಮೂರು ತೆಳುವಾದ ಪೊರೆಗಳು ಸುತ್ತಿಕೊಂಡಿವೆ. ಈ ಪೊರೆಗಳಿಗೆ ಸೋಂಕು ತಗುಲಿ ಊದಿಕೊಂಡರೆ ಅದೇ ಮೆನಿಂಜೈಟಿಸ್. ಬ್ಯಾಕ್ಟೀರಿಯ, ವೈರಸ್, ಕ್ಷಯದ ರೋಗಾಣು, ಶಿಲೀಂಧ್ರ ಯಾವುದರಿಂದಲೂ ಇದು ಬರಬಹುದು. ಬ್ಯಾಕ್ಟೀರಿಯದಿಂದ ಬಂದದ್ದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಬದುಕುಳಿದವರಲ್ಲೂ ಕೆಲವರಿಗೆ ಕಿವುಡುತನ, ಫಿಟ್ಸ್, ಕಲಿಕೆಯ ತೊಂದರೆ ಉಳಿಯುತ್ತದೆ.

ಇವುಗಳಲ್ಲಿ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯ ರಕ್ತದಲ್ಲೂ ಬೆಳೆಯುತ್ತದೆ. ಆಗ ಚರ್ಮದ ಸಣ್ಣ ರಕ್ತನಾಳಗಳು ಹಾನಿಗೊಂಡು ರಕ್ತ ಹೊರಗೆ ಸೋರುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣ ಚುಕ್ಕೆಗಳು ಮೂಡಿ, ಬೇಗಬೇಗ ಹರಡಿ, ಜಜ್ಜಿದ ಗಾಯದಂತೆ ನೇರಳೆ ಬಣ್ಣಕ್ಕೆ ತಿರುಗುತ್ತವೆ. ದೆಹಲಿಯಲ್ಲಿ 1966, 1985 ಮತ್ತು 2005ರಲ್ಲಿ, ಮೇಘಾಲಯ ಹಾಗೂ ತ್ರಿಪುರಾದಲ್ಲಿ 2008–09ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಹರಡಿತ್ತು. ಹಾಸ್ಟೆಲು, ಸೈನಿಕರ ಬ್ಯಾರಕ್‌ಗಳಂತೆ ಜನ ಒತ್ತಾಗಿ ಮಲಗುವ ಕಡೆ ಇದು ಸುಲಭವಾಗಿ ದಾಟುತ್ತದೆ.

ಲೋಟ ಒತ್ತಿ ನೋಡುವುದು ಹೇಗೆ?

ಬೆವರುಸಾಲೆ, ಗಂಧೆ, ಸಾಮಾನ್ಯ ವೈರಸ್ ಜ್ವರದ ದದ್ದುಗಳಲ್ಲಿ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತ ನಾಳದ ಒಳಗೇ ಇರುತ್ತದೆ. ಒತ್ತಿದರೆ ಅದು ಪಕ್ಕಕ್ಕೆ ಸರಿದು ಕೆಂಪು ಮಾಯವಾಗುತ್ತದೆ. ರಕ್ತ ಸೋರಿ ಆದ ಚುಕ್ಕೆಯಲ್ಲಿ ಅದು ಸರಿದು ಹೋಗಲು ದಾರಿಯಿಲ್ಲ, ಹಾಗಾಗಿ ಒತ್ತಿದರೂ ಬಣ್ಣ ಹಾಗೇ ಉಳಿಯುತ್ತದೆ. ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಚರ್ಮಕ್ಕೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಬೇಕು.

ಇಲ್ಲಿ ಮೂರು ಎಚ್ಚರಿಕೆಗಳಿವೆ.

ಮೊದಲನೆಯದು ನಮ್ಮ ಮೈಬಣ್ಣ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಕಂದು ಅಥವಾ ಕಪ್ಪು ಚರ್ಮದಲ್ಲಿ ಕೆಂಪು ಚುಕ್ಕೆ ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ ಬಣ್ಣ ತಿಳಿಯಾಗಿರುವ ಕಡೆ ಹುಡುಕಬೇಕು: ಅಂಗೈ, ಅಂಗಾಲು, ಹೊಟ್ಟೆ, ಕೆಳಗಿನ ರೆಪ್ಪೆಯ ಒಳಭಾಗ, ಬಾಯಿಯ ಅಂಗಳ. ಟ್ಯೂಬ್‌ಲೈಟಿನ ಮಬ್ಬಿನಲ್ಲಿ ನೋಡುವುದಕ್ಕಿಂತ ಹಗಲು ಬೆಳಕಿನಲ್ಲಿ ನೋಡುವುದು ಒಳ್ಳೆಯದು.

ಎರಡನೆಯದು ಸಮಯ. ಶುರುವಿನಲ್ಲಿ ಈ ಚುಕ್ಕೆಗಳೂ ಒತ್ತಿದಾಗ ಮಾಯವಾಗಬಹುದು. ಸಂಜೆ ಏಳಕ್ಕೆ ‘ಸರಿ ಇದೆ’ ಎನಿಸಿದ್ದು ರಾತ್ರಿ ಹತ್ತಕ್ಕೆ ಬದಲಾಗಿರಬಹುದು. ಒಮ್ಮೆ ನೋಡಿ ನಿಶ್ಚಿಂತರಾಗುವಂತಿಲ್ಲ.

ಮೂರನೆಯದು, ಮಾಯವಾಗದ ಚುಕ್ಕೆಯೆಲ್ಲ ಮೆನಿಂಜೈಟಿಸ್ ಅಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗಲೂ ಹೀಗಾಗುತ್ತದೆ. ಜೋರಾಗಿ ಕೆಮ್ಮಿದ ಅಥವಾ ವಾಂತಿ ಮಾಡಿದ ಮಗುವಿನ ಮುಖ, ಕುತ್ತಿಗೆಯ ಮೇಲೂ ಕೆಲವು ಚುಕ್ಕೆ ಏಳಬಹುದು. ಹಾಗಿದ್ದರೂ ಜ್ವರದ ಜೊತೆ ಒತ್ತಿದರೂ ಹೋಗದ ಚುಕ್ಕೆ ಕಂಡರೆ ಮನೆಯಲ್ಲಿ ಕಾರಣ ಹುಡುಕುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಚುಕ್ಕೆಯೇ ಇಲ್ಲದಿದ್ದರೆ? ನೆದರ್ಲೆಂಡ್ಸ್‌ನಲ್ಲಿ ಬ್ಯಾಕ್ಟೀರಿಯದ ಮೆನಿಂಜೈಟಿಸ್ ಆದ ವಯಸ್ಕರ 696 ಪ್ರಕರಣಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚರ್ಮದ ಚುಕ್ಕೆ ಕಂಡದ್ದು ಶೇ 26ರಷ್ಟರಲ್ಲಿ ಮಾತ್ರ. ನಾಲ್ವರಲ್ಲಿ ಮೂವರಿಗೆ ಚುಕ್ಕೆಯೇ ಇರಲಿಲ್ಲ.

ಬಟ್ಟೆಯ ಮರೆಯಲ್ಲಿ ಅಡಗಿರುವ ಗುರುತು

ಹೊಲದ ಬದುಗಳಲ್ಲಿ, ಪೊದೆಗಳ ಅಂಚಿನಲ್ಲಿ ಕೆಲಸ ಮಾಡುವವರಿಗೆ ಬರುವ ಸ್ಕ್ರಬ್ ಟೈಫಸ್ ಜ್ವರ ಕರ್ನಾಟಕದಲ್ಲೂ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿದಾಗ ಇದು ಹರಡುತ್ತದೆ. ಚಿಕಿತ್ಸೆ ತಡವಾದರೆ ಮಿದುಳಿನ ಪೊರೆಗೂ ಹಬ್ಬುತ್ತದೆ.

ಕಚ್ಚಿದ ಜಾಗದಲ್ಲಿ ಕೆಲವರಿಗೆ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಮೂಡುತ್ತದೆ. ಅದು ನೋಯುವುದಿಲ್ಲ, ತುರಿಸುವುದಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಸೊಂಟದ ದಾರ ಅಥವಾ ಲಂಗದ ಲಾಡಿ ಕಟ್ಟುವ ಜಾಗ, ಸ್ತನಗಳ ಕೆಳಭಾಗ, ಕಿವಿಯ ಹಿಂದೆ — ಇಂಥ ಕಡೆಗಳಲ್ಲೇ ಅದು ಇರುತ್ತದೆ. ಬಟ್ಟೆ ಸರಿಸಿ ನೋಡದ ಹೊರತು ಸಿಗುವುದಿಲ್ಲ.

ಸಿಕ್ಕರೆ ಏನು ಲಾಭ? ಬ್ಯಾಕ್ಟೀರಿಯದ ಮೆನಿಂಜೈಟಿಸ್‌ಗೆ ಸಾಮಾನ್ಯವಾಗಿ ಮೊದಲು ಕೊಡುವ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಸ್ಕ್ರಬ್ ಟೈಫಸ್‌ಗೆ ನಾಟುವುದಿಲ್ಲ. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್, ಅದು ಅಗ್ಗದ ಔಷಧ. ಕಪ್ಪು ಹಕ್ಕಳೆ ಕಂಡ ವೈದ್ಯರು ಲ್ಯಾಬ್ ವರದಿ ಬರುವ ಮೊದಲೇ ಅದನ್ನು ಶುರು ಮಾಡಬಹುದು. ಮುಜುಗರಪಟ್ಟು ಮೈ ತೋರಿಸದಿದ್ದರೆ ಆ ಅವಕಾಶ ಕೈತಪ್ಪುತ್ತದೆ. ಹೆಂಗಸರು ಮಹಿಳಾ ವೈದ್ಯರನ್ನೋ ದಾದಿಯನ್ನೋ ಜೊತೆಗಿರುವಂತೆ ಕೇಳಬಹುದು. ಅದು ಅವರ ಹಕ್ಕು.

ಕಾಡಿನ ಕಡೆಯಿಂದ ಬರುವ ಇನ್ನೊಂದು ಜ್ವರ ಮಂಗನ ಕಾಯಿಲೆ. ಇದನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತು ಅದು ಈ ಭಾಗಕ್ಕೂ ಬಂದದ್ದು ತಿಳಿಯಿತು. ಮುಂದಿನ ವರ್ಷಗಳಲ್ಲಿ ಎಚ್.ಡಿ. ಕೋಟೆಗೆ ಅಂಟಿಕೊಂಡಿರುವ ವಯನಾಡಿನಲ್ಲೂ ಜನರಿಗೆ ತಗುಲಿತು. ಉಣ್ಣೆ ಕಚ್ಚಿ ಬರುವ ಈ ಜ್ವರದಲ್ಲಿ ಕಣ್ಣು ಕೆಂಪಾಗುತ್ತದೆ, ಬಾಯಿಯ ಅಂಗಳದಲ್ಲಿ ಸಣ್ಣ ಗುಳ್ಳೆಗಳು ಕಾಣಬಹುದು. ನೂರರಲ್ಲಿ 10ರಿಂದ 20 ಮಂದಿಗೆ ಜ್ವರ ಬಿಟ್ಟು, ವಾರದ ಮೇಲೆ ಮತ್ತೆ ಮರುಕಳಿಸುತ್ತದೆ. ಆಗ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ನಡುಕ, ದೃಷ್ಟಿಯ ತೊಂದರೆ ಬರುತ್ತವೆ. ಆದ್ದರಿಂದ ‘ಹೋದ ವಾರ ಜ್ವರ ಬಂದು ವಾಸಿಯಾಗಿತ್ತು, ಸೌದೆಗೆ ಕಾಡಿಗೆ ಹೋಗಿದ್ದೆ’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ಅಂದಹಾಗೆ, ಕೆನ್ನೆ ಊದುವ ಮಂಗನಬಾವು ಬೇರೆಯೇ ಕಾಯಿಲೆ. ಅದೂ ಕೆಲವೊಮ್ಮೆ ಮೆನಿಂಜೈಟಿಸ್ ತರುತ್ತದೆಯಾದರೂ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ.

ಸರ್ಪಸುತ್ತಿನ ತಲೆ–ಬಾಲ ಕೂಡಿದರೆ ಸಾವು ಬರುತ್ತದೆಯೇ?

ಇಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವರ್ಷಗಳ ನಂತರ ಆ ಒಂದು ನರದ ಹಾದಿಯಲ್ಲಿ ಗುಳ್ಳೆಯಾಗಿ ಏಳುವುದೇ ಸರ್ಪಸುತ್ತು. ದೇಹದ ಎಡ–ಬಲಕ್ಕೆ ಬೇರೆಬೇರೆ ನರಗಳಿರುವುದರಿಂದ ಅದು ನಡುಗೆರೆಯನ್ನು ದಾಟುವುದೇ ಅಪರೂಪ. ಕೆಮ್ಮಣ್ಣಿನಲ್ಲಿ ಹಾವು ಬರೆದ ಮೇಲೆ ವಾಸಿಯಾಯಿತು ಎಂದು ಕಾಣುವುದು, ಹೆಚ್ಚಿನವರಲ್ಲಿ ಗುಳ್ಳೆಗಳು ಮೂರ್ನಾಲ್ಕು ವಾರಗಳಲ್ಲಿ ಹೇಗೂ ಒಣಗುವುದರಿಂದ.

ಆದರೆ ನೋಡಬೇಕಾದ ಗುರುತುಗಳು ಇಲ್ಲೂ ಇವೆ. ಮೂಗಿನ ತುದಿಯಲ್ಲಿ ಅಥವಾ ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯವಿದೆ. ಮೈತುಂಬ ಹರಡಿದರೆ ರೋಗನಿರೋಧಕ ಶಕ್ತಿ ಕುಗ್ಗಿರಬಹುದು. ಸರ್ಪಸುತ್ತಿನ ಜೊತೆ ಜೋರು ತಲೆನೋವು, ಕುತ್ತಿಗೆ ಬಿಗಿತ ಇದ್ದರೆ ವೈರಸ್ ಮಿದುಳಿನ ಪೊರೆ ತಲುಪಿರುವ ಸಾಧ್ಯತೆಯಿದೆ. ವೈರಸ್ ನಿರೋಧಕ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಗಳ ಒಳಗೆ ಶುರು ಮಾಡಿದರೆ ಹೆಚ್ಚು ಪ್ರಯೋಜನ. ಮಣ್ಣು ಹಚ್ಚಿ ಕಾಯುವಾಗ ಕಳೆದುಹೋಗುವುದು ಇದೇ ಮೂರು ದಿನ.

ಕುತ್ತಿಗೆ ಏನು ಹೇಳುತ್ತದೆ?

ಊದಿದ ಪೊರೆಯನ್ನು ಎಳೆದರೆ ನೋವಾಗುತ್ತದೆ. ತಲೆ ಬಾಗಿಸಿದಾಗ ಬೆನ್ನುಹುರಿಯ ಪೊರೆ ಎಳೆಯಲ್ಪಡುತ್ತದೆ. ಅದನ್ನು ತಡೆಯಲು ಕುತ್ತಿಗೆಯ ಸ್ನಾಯುಗಳು ತಾವೇ ಬಿಗಿಯುತ್ತವೆ. ಕುತ್ತಿಗೆ ಬಿಗಿತದ ಹಿಂದಿನ ಕಾರಣ ಇಷ್ಟೇ.

ಇದೇ ತತ್ವದ ಮೇಲೆ ಎರಡು ಹೆಸರಾಂತ ಪರೀಕ್ಷೆಗಳಿವೆ. ರಷ್ಯಾದ ವೈದ್ಯ ವ್ಲಾಡಿಮಿರ್ ಕೆರ್ನಿಗ್ 1882ರಲ್ಲಿ ಒಂದನ್ನು ವಿವರಿಸಿದರು: ರೋಗಿಯ ತೊಡೆಯನ್ನು ಮಡಚಿ ಹಿಡಿದು ಮೊಣಕಾಲನ್ನು ನೇರ ಮಾಡಲು ಹೋದರೆ ನೋವಿನಿಂದ ಅದು ನೇರವಾಗುವುದಿಲ್ಲ. ಪೋಲೆಂಡಿನ ಮಕ್ಕಳ ವೈದ್ಯ ಯೂಜೆಫ್ ಬ್ರುಜಿನ್‌ಸ್ಕಿ 1909ರಲ್ಲಿ ಇನ್ನೊಂದನ್ನು ತಿಳಿಸಿದರು: ಮಲಗಿದ ಮಗುವಿನ ತಲೆಯನ್ನು ಎದೆಯ ಕಡೆ ಬಾಗಿಸಿದರೆ ಮೊಣಕಾಲುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಇಂದಿಗೂ ಪ್ರತಿ ವೈದ್ಯ ವಿದ್ಯಾರ್ಥಿ ಇವುಗಳನ್ನು ಕಲಿಯುತ್ತಾರೆ.

ಇವು ಎಷ್ಟು ನಂಬಲರ್ಹ? ಮೆನಿಂಜೈಟಿಸ್ ಶಂಕೆಯಿದ್ದ 297 ವಯಸ್ಕರನ್ನು ಪರೀಕ್ಷಿಸಿ ಅಮೆರಿಕದಲ್ಲಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜಕ್ಕೂ ಕಾಯಿಲೆ ಇದ್ದವರಲ್ಲಿ ಕೆರ್ನಿಗ್ ಮತ್ತು ಬ್ರುಜಿನ್‌ಸ್ಕಿ ಲಕ್ಷಣಗಳು ಕಂಡದ್ದು ತಲಾ ಶೇ 5ರಷ್ಟು ಮಂದಿಯಲ್ಲಿ. ಕುತ್ತಿಗೆ ಬಿಗಿತ ಕಂಡದ್ದು ಶೇ 30ರಷ್ಟರಲ್ಲಿ. ಆದರೆ ಕಾಯಿಲೆ ಇಲ್ಲದವರಲ್ಲಿ ಶೇ 95ರಷ್ಟು ಮಂದಿಗೆ ಕೆರ್ನಿಗ್, ಬ್ರುಜಿನ್‌ಸ್ಕಿ ಲಕ್ಷಣಗಳಿರಲಿಲ್ಲ. ಅಂದರೆ ಇವು ಸುಳ್ಳು ಎಚ್ಚರಿಕೆ ಕೊಡುವುದು ಕಡಿಮೆ, ಸುಮ್ಮನಿದ್ದುಬಿಡುವುದೇ ಹೆಚ್ಚು. ವಯಸ್ಸಾದವರ ಕುತ್ತಿಗೆ ಮೂಳೆ ಸವೆತದಿಂದಲೂ ಬಿಗಿದಿರುತ್ತದೆ, ಅಲ್ಲಿ ಲೆಕ್ಕ ಇನ್ನೂ ಕಷ್ಟ.

ಹಾಗಾದರೆ ಮೈ ಪರೀಕ್ಷೆಯೇ ವ್ಯರ್ಥವೇ? ಅಲ್ಲ. ಡಚ್ ಅಧ್ಯಯನದಲ್ಲಿ ಜ್ವರ, ಕುತ್ತಿಗೆ ಬಿಗಿತ, ಮಂಕು ಮೂರೂ ಒಟ್ಟಿಗೆ ಇದ್ದವರು ಶೇ 44 ಮಾತ್ರ. ಆದರೆ ಇವುಗಳಿಗೆ ತಲೆನೋವನ್ನೂ ಸೇರಿಸಿದರೆ, ನಾಲ್ಕರಲ್ಲಿ ಕನಿಷ್ಠ ಎರಡು ಶೇ 95ರಷ್ಟು ಮಂದಿಯಲ್ಲಿದ್ದವು. ಒಂದೇ ಲಕ್ಷಣಕ್ಕೆ ಜೋತುಬೀಳದೆ ಎಲ್ಲವನ್ನೂ ಕೂಡಿಸಿ ನೋಡಬೇಕೆಂಬುದು ಇದರಿಂದ ತಿಳಿಯುತ್ತದೆ.

ಮಕ್ಕಳಲ್ಲಿ ಇನ್ನೂ ಮೊದಲೇ ಕಾಣುವ ಗುರುತುಗಳಿವೆ. ಮೆನಿಂಗೊಕಾಕಸ್ ಸೋಂಕಾದ 448 ಮಕ್ಕಳ ಬಗ್ಗೆ ಬ್ರಿಟನ್ನಿನಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾಲು ನೋವು, ತಣ್ಣಗಾದ ಕೈಕಾಲು, ಚರ್ಮದ ಬಣ್ಣ ಬದಲಾಗುವುದು ಇವು ಕಾಯಿಲೆ ಶುರುವಾದ ಸುಮಾರು 8 ಗಂಟೆಗಳಲ್ಲೇ ಕಾಣಿಸಿಕೊಂಡವು. ಚುಕ್ಕೆ, ಕುತ್ತಿಗೆ ಬಿಗಿತ, ಮಂಕು ಬಂದದ್ದು 13ರಿಂದ 22 ಗಂಟೆಗಳ ನಡುವೆ. ಮೈ ಕೆಂಡದಂತೆ ಸುಡುತ್ತಿದ್ದರೂ ಅಂಗೈ–ಅಂಗಾಲು ತಣ್ಣಗಿದ್ದು, ಮಗು ‘ಕಾಲು ನೋವು’ ಎಂದು ಅಳುತ್ತಿದ್ದರೆ ಅದನ್ನು ‘ಆಟ ಆಡಿ ಸುಸ್ತಾಗಿದೆ’ ಎಂದು ತಳ್ಳಿಹಾಕಬೇಡಿ.

ಹಸುಗೂಸಿನಲ್ಲಿ: ನೆತ್ತಿ ನೋಡಿ, ಬರೆ ಹಾಕಬೇಡಿ

ಎಳೆಗೂಸಿನ ಕುತ್ತಿಗೆ ಬಿಗಿಯುವುದು ಕಡಿಮೆ. ಅಲ್ಲಿ ನೋಡಬೇಕಾದದ್ದು ನೆತ್ತಿಯ ಮೆತ್ತನೆಯ ಭಾಗ. ಅಳದೆ ಸುಮ್ಮನಿರುವ ಮಗುವನ್ನು ನೆಟ್ಟಗೆ ಎತ್ತಿಕೊಂಡಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಒಳಗೆ ಒತ್ತಡ ಹೆಚ್ಚಿರಬಹುದು. ಗುಳಿಬಿದ್ದಿದ್ದರೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದರ್ಥ. ಎರಡಕ್ಕೂ ನೆತ್ತಿಗೆ ಎಣ್ಣೆ ಇಡುವುದು ಮದ್ದಲ್ಲ. ಹಾಲು ಕುಡಿಯದಿರುವುದು, ಎತ್ತಿಕೊಂಡಷ್ಟೂ ಹೆಚ್ಚು ಅಳುವುದು, ಕೀರಲು ದನಿ, ಮೈ ಜೋತುಬೀಳುವುದು, ಫಿಟ್ಸ್ ಇವೂ ಎಚ್ಚರಿಕೆಯ ಗುರುತುಗಳು. ಹಸುಗೂಸಿಗೆ ಜ್ವರ ಬರುವ ಬದಲು ಮೈ ತಣ್ಣಗಾಗಲೂಬಹುದು.

ಫಿಟ್ಸ್ ಬಂದ ಕೂಸಿಗೆ ‘ಬಾಲಗ್ರಹ’ ಎಂದು ಬರೆ ಹಾಕುವ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಅದು ಮಗುವಿಗೆ ನೋವು, ಹೊಸ ಸೋಂಕಿನ ಅಪಾಯ ಎರಡನ್ನೂ ತರುತ್ತದೆ. ಅದಕ್ಕಿಂತ ಹೆಚ್ಚಾಗಿ, ಚಿಕಿತ್ಸೆ ಶುರುವಾಗಬೇಕಿದ್ದ ಗಂಟೆಗಳನ್ನು ನುಂಗುತ್ತದೆ.

ಚರ್ಮ ಏನನ್ನೂ ಹೇಳದ ಮೆನಿಂಜೈಟಿಸ್

ಬೈಲಕುಪ್ಪೆಯಂಥ ಕಡೆ ಹೆಚ್ಚು ಯೋಚಿಸಬೇಕಾದ ಕಾಯಿಲೆ ಕ್ಷಯದ ಮೆನಿಂಜೈಟಿಸ್. ಭಾರತದಲ್ಲಿರುವ ಟಿಬೆಟನ್ನರಲ್ಲಿ ಕ್ಷಯದ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ಒತ್ತಾದ ಹಾಸ್ಟೆಲುಗಳು, ಮಠದ ಕೊಠಡಿಗಳು ಇದಕ್ಕೆ ಮುಖ್ಯ ಕಾರಣ. ಔಷಧಕ್ಕೆ ಬಗ್ಗದ ಕ್ಷಯವೂ ಅವರಲ್ಲಿ ದೊಡ್ಡ ಸಮಸ್ಯೆ. ಇದು ಜನಾಂಗದ ದೋಷವಲ್ಲ. ಗಾಳಿಯಾಡದ ಕೋಣೆಯಲ್ಲಿ ಹತ್ತು ಮಂದಿ ಮಲಗಿದರೆ ಯಾವ ಊರಿನವರಿಗಾದರೂ ಹೀಗೇ ಆಗುತ್ತದೆ.

ಈ ಮೆನಿಂಜೈಟಿಸ್ ಮೆಲ್ಲಗೆ ಬರುತ್ತದೆ. ಎರಡು ಮೂರು ವಾರ ಸಣ್ಣ ಜ್ವರ, ಊಟ ಸೇರದಿರುವುದು, ಪಾಠದಲ್ಲಿ ಮಂಕು, ಸಿಡುಕು, ಆಗಾಗ ತಲೆನೋವು, ವಾಂತಿ. ಚರ್ಮದ ಮೇಲೆ ಚುಕ್ಕೆ ಇರುವುದಿಲ್ಲ. ಕುತ್ತಿಗೆ ಬಿಗಿಯುವುದು ತಡವಾಗಿ. ಹೊಸದಾಗಿ ಮೆಳ್ಳೆಗಣ್ಣು ಬಂದರೆ ಅಥವಾ ಎದುರಿನ ವಸ್ತು ಎರಡಾಗಿ ಕಂಡರೆ ಅದು ದೊಡ್ಡ ಸುಳಿವು. ಕಣ್ಣು ತಿರುಗಿಸುವ ನರ ಒತ್ತಡಕ್ಕೆ ಸಿಕ್ಕಿದೆ ಎಂದು ಅದರ ಅರ್ಥ. ತೋಳಿನ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಕೂಡ ಇದರಲ್ಲಿ ಎಷ್ಟೋ ಸಲ ಏನೂ ತೋರಿಸುವುದಿಲ್ಲ.

ಎರಡು ವಾರ ದಾಟಿದ ಜ್ವರ–ತಲೆನೋವು ಇದ್ದರೆ, ಮನೆಯಲ್ಲೋ ಕೋಣೆಯಲ್ಲೋ ಯಾರಿಗಾದರೂ ಕ್ಷಯ ಇದ್ದರೆ ಅದನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ಹೇಳಿ. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಷ್ಟಾಗಿ ತಡೆಯದಿದ್ದರೂ ಮಕ್ಕಳ ಕ್ಷಯದ ಮೆನಿಂಜೈಟಿಸ್‌ನಲ್ಲಿ ಸುಮಾರು ಮುಕ್ಕಾಲು ಪಾಲನ್ನು ತಡೆಯುತ್ತದೆ.

ಫೋಟೊ ಕಳಿಸಿದರೆ ಸಾಲದೇ?

ಫೋಟೊ ಬಣ್ಣವನ್ನು, ಆಕಾರವನ್ನು ತೋರಿಸುತ್ತದೆ. ಅದನ್ನು ಒತ್ತಿ ನೋಡಲಾಗುವುದಿಲ್ಲ, ಮುಟ್ಟಿ ನೋಡಲಾಗುವುದಿಲ್ಲ. ಬಿಳಿಚಿದ ಮಚ್ಚೆಯನ್ನೇ ತೆಗೆದುಕೊಳ್ಳಿ. ತೊನ್ನಿನಲ್ಲಿ ಚರ್ಮ ಹಾಲಿನಂತೆ ಬೆಳ್ಳಗಾಗುತ್ತದೆ, ಸ್ಪರ್ಶ ಸರಿಯಿರುತ್ತದೆ. ಚಿಬ್ಬಿನಲ್ಲಿ ಕೆರೆದರೆ ಹೊಟ್ಟಿನಂಥ ಪುಡಿ ಬರುತ್ತದೆ. ಕುಷ್ಠದ ಮಚ್ಚೆ ಮಾಸಲಾಗಿದ್ದು, ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದರೆ ಅಲ್ಲಿ ಏನೂ ತಿಳಿಯುವುದಿಲ್ಲ. ಫೋಟೊದಲ್ಲಿ ಮೂರೂ ಒಂದೇ ಥರ ಕಾಣಬಹುದು. ಜ್ವರದ ಚುಕ್ಕೆಗೂ ಇದೇ ಮಾತು ಸಲ್ಲುತ್ತದೆ.

ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆಯೇ?

ಮೈ ಪರೀಕ್ಷೆ ಶಂಕೆ ಹುಟ್ಟಿಸುತ್ತದೆ, ಖಚಿತ ಮಾಡುವುದು ಬೆನ್ನಿನ ನೀರಿನ ಪರೀಕ್ಷೆ. ಈ ಹಂತದಲ್ಲಿ ಹೆದರಿ ರೋಗಿಯನ್ನು ಮನೆಗೆ ಕರೆದೊಯ್ಯುವ ಕುಟುಂಬಗಳುಂಟು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ, ಹಾಗಾಗಿ ಬೆನ್ನುಹುರಿಗೆ ತಾಗುವುದಿಲ್ಲ. ದೊಡ್ಡವರಲ್ಲಿ ಈ ದ್ರವ ಸುಮಾರು 150 ಮಿ.ಲೀ. ಇರುತ್ತದೆ, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ತಯಾರಾಗುತ್ತದೆ. ಪರೀಕ್ಷೆಗೆ ಬೇಕಾಗುವುದು ಕೆಲವೇ ಮಿ.ಲೀ. ಕೆಲವರಿಗೆ ಒಂದೆರಡು ದಿನ ತಲೆನೋವು, ಬೆನ್ನುನೋವು ಬರಬಹುದು. ಮಿದುಳಿನ ಒತ್ತಡ ತುಂಬ ಹೆಚ್ಚಿದ ಲಕ್ಷಣವಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ಕೈಕಾಲು ಬಿದ್ದುಹೋಗುವ, ಕಿವಿ ಕೇಳದಂತಾಗುವ ಅಪಾಯ ಹೆಚ್ಚಿರುವುದು ಚಿಕಿತ್ಸೆ ಸಿಗದ ಮೆನಿಂಜೈಟಿಸ್‌ನಿಂದ.

ಯಾವಾಗ ಹೊರಡಬೇಕು?

ಜ್ವರದ ಜೊತೆ ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ:

- ಒತ್ತಿದರೂ ಮಾಯವಾಗದ ಚುಕ್ಕೆ, ಅದರಲ್ಲೂ ಬೇಗ ಹರಡುವಂಥದ್ದು
- ಮಂಕು, ಎಬ್ಬಿಸಿದರೂ ಏಳದಿರುವುದು, ತಪ್ಪುತಪ್ಪು ಮಾತು
- ಜೋರು ತಲೆನೋವಿನ ಜೊತೆ ವಾಂತಿ, ಕುತ್ತಿಗೆ ಬಿಗಿತ ಅಥವಾ ಬೆಳಕು ಸಹಿಸಲಾಗದಿರುವುದು
- ಫಿಟ್ಸ್, ಹೊಸ ಮೆಳ್ಳೆಗಣ್ಣು
- ಕೂಸಿನಲ್ಲಿ ಉಬ್ಬಿದ ನೆತ್ತಿ, ಹಾಲು ಬಿಡುವುದು
- ತಣ್ಣನೆಯ ಕೈಕಾಲು, ತಡೆಯಲಾಗದ ಕಾಲು ನೋವು, ಏದುಸಿರು

ಎಚ್.ಡಿ. ಕೋಟೆ ಕಡೆಯ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಅವರಲ್ಲಿ ಗುಲ್ಮ ಸರಿಯಾಗಿ ಕೆಲಸ ಮಾಡದ ಕಾರಣ ನ್ಯೂಮೊಕಾಕಸ್ ಮೆನಿಂಜೈಟಿಸ್‌ನ ಅಪಾಯ ಹೆಚ್ಚು. ಅಂಥ ಮಗುವಿಗೆ ಜ್ವರವೊಂದೇ ಬಂದರೂ ಆಸ್ಪತ್ರೆಗೆ ಹೋಗಬೇಕು.

ಬೈಲಕುಪ್ಪೆಯಿಂದ ಮೈಸೂರು ಸುಮಾರು 80 ಕಿ.ಮೀ., ಮಡಿಕೇರಿ ಅದರ ಅರ್ಧದಷ್ಟು ದೂರ. ಬ್ಯಾಕ್ಟೀರಿಯದ ಶಂಕೆ ಬಲವಾಗಿದ್ದು ದೊಡ್ಡ ಆಸ್ಪತ್ರೆಗೆ ಸಾಗಿಸುವುದು ತಡವಾಗುವಂತಿದ್ದರೆ, ಹೊರಡುವ ಮೊದಲೇ ಹತ್ತಿರದ ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. 108ಕ್ಕೆ ಕರೆ ಮಾಡುವಾಗ ‘ಜ್ವರ’ ಎಂದಷ್ಟೇ ಹೇಳದೆ ಮಂಕು, ಫಿಟ್ಸ್, ಚುಕ್ಕೆ ಇರುವುದನ್ನೂ ಹೇಳಿ. ಮೆನಿಂಗೊಕಾಕಸ್ ಖಚಿತವಾದರೆ ಒಂದೇ ಕೋಣೆಯಲ್ಲಿ ಮಲಗುವವರಿಗೂ ಮುನ್ನೆಚ್ಚರಿಕೆಯ ಔಷಧ ಕೊಡಬೇಕಾಗುತ್ತದೆ. ಅದನ್ನು ಹಾಸ್ಟೆಲಿನವರು ಕೇಳಿ ಪಡೆಯಬೇಕು.

ಮಗುವಿನ ಲಸಿಕೆ ಕಾರ್ಡನ್ನೂ ಒಮ್ಮೆ ತೆರೆದು ನೋಡಿ. ಬಿಸಿಜಿ, ಪೆಂಟಾವೇಲೆಂಟ್, ನ್ಯೂಮೊಕಾಕಲ್, ದಡಾರ–ರುಬೆಲ್ಲಾ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೆನಿಂಜೈಟಿಸ್ ತರುವ ಕೆಲವು ಮುಖ್ಯ ರೋಗಾಣುಗಳನ್ನು ಇವು ಬಾಗಿಲಲ್ಲೇ ತಡೆಯುತ್ತವೆ. ಲೋಟ ಒತ್ತಿ ನೋಡಿ, ನೆತ್ತಿ ಮುಟ್ಟಿ ನೋಡಿ, ಅಂಗಾಲು ತಣ್ಣಗಿದೆಯೇ ನೋಡಿ. ಏನಾದರೂ ಕಂಡರೆ ಹೊರಡಿ. ಏನೂ ಕಾಣದಿದ್ದರೂ ಮಗು ಎಂದಿನಂತಿಲ್ಲ ಎಂದು ತಾಯಿಗೆ ಅನ್ನಿಸಿದರೆ, ಆಗಲೂ ಹೊರಡಿ.